ಸಹಾಯ ಬೇಕು: ಹಾಸನದ ಕಡೆ ಮಾರ್ಫಿನ್ ಮಾತ್ರೆ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಬೆಂಗಳೂರಿನ ಡಾಕ್ಟರು ಬರೆದುಕೊಟ್ಟ ಮಾರ್ಫಿನ್ 10 ಎಂಜಿ ಮಾತ್ರೆ ನಾಲ್ಕು ಗಂಟೆಗೊಮ್ಮೆ ಕೊಡ್ತಿದ್ದೀವಿ. ನೋವು ತಗ್ಗಿ, ರಾತ್ರಿ ನಿದ್ದೆ ಮಾಡ್ತಾರೆ. ಮಾತ್ರೆ ಮುಗೀತಾ ಬಂತು, ಇಲ್ಲಿ ಯಾವ ಮೆಡಿಕಲ್‌ನಲ್ಲೂ ಇಲ್ಲ. ಮಾದಕ ವಸ್ತು ಕಾನೂನಿನ 2014ರ ತಿದ್ದುಪಡಿ ಪ್ರಕಾರ ಮಾನ್ಯತೆ ಪಡೆದ ಆಸ್ಪತ್ರೆಗಳು ಈ ಮಾತ್ರೆ ಇಟ್ಟುಕೊಳ್ಳಬಹುದು. ಹಾಸನ, ಸಕಲೇಶಪುರ ಕಡೆ ಅಂಥದ್ದು ಯಾವುದಿದೆ?

ಜೊತೆಗೆ ಮಲಬದ್ಧತೆ ಜೋರಾಗಿದೆ, ಸಿರಪ್ ಕೊಟ್ಟರೂ ಮೂರು ದಿನಕ್ಕೊಮ್ಮೆ. ನಿಮ್ಮ ಮನೆಯವರಿಗೆ ಡಾಕ್ಟರು ಏನು ಬದಲಾಯಿಸಿದರು?

ಕೀಮೋ ಸಾಕು ಅಂತ ಅಪ್ಪನೇ ಹೇಳಿದ್ದಾರೆ, ಅಣ್ಣ ಒಪ್ಪುತ್ತಿಲ್ಲ. ನನಗೆ ಅಪ್ಪನ ಮಾತೇ ದೊಡ್ಡದು. ಕೊನೆ ಹಂತದ ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರವಾದ ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ, ಆದರೆ ಅಪ್ಪ ಮನೆ ಬಿಟ್ಟು ಬರಲ್ಲ. ಮನೆಗೇ ಬಂದು ನೋಡುವ ನರ್ಸ್ ಗೊತ್ತಿದ್ದರೆ ದಯವಿಟ್ಟು ಇವತ್ತೇ ತಿಳಿಸಿ.