ರ‍್ಯಾಮ್ ಸ್ಪೀಡ್ 3200ಕ್ಕೆ ಇಟ್ಟರೂ ಮತ್ತೆ ಮತ್ತೆ 2133ಕ್ಕೆ ಇಳಿಯುತ್ತಿದೆ

ಪ್ರಶ್ನೆ (ಬದಿಯಡ್ಕ)

ನಮಸ್ಕಾರ. ಕಂಪ್ಯೂಟರ್ ನಾನೇ ಜೋಡಿಸಿದ್ದು. ರೈಜನ್ 5 5600ಜಿ, ಬಿ550 ಬೋರ್ಡ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. 2021ರಲ್ಲಿ 8 ಜಿಬಿಯ ಎರಡು ಡಿಡಿಆರ್4 ಕಡ್ಡಿ ಹಾಕಿದ್ದೆ, 3200ರ ಜೋಡಿ. ಈ ವರ್ಷ ಬೇರೆ ಕಂಪನಿಯದ್ದು ಇನ್ನೆರಡು ಸೇರಿಸಿದೆ. ಅದೂ 8 ಜಿಬಿ, ಅದೂ 3200.

ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ಸ್ಪೀಡ್‌ಗೆ ಓಡಿಸುವ ಸೆಟ್ಟಿಂಗ್) ಆನ್ ಮಾಡಿದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ 3200 ಕಾಣುತ್ತದೆ. ಒಂದೆರಡು ದಿನ ಚೆನ್ನಾಗಿರುತ್ತದೆ. ಮತ್ತೆ ಒಂದು ಬೆಳಗ್ಗೆ ನೋಡಿದರೆ 2133. ತುಲಾ ತಿಂಗಳು (ಅಕ್ಟೋಬರ್-ನವೆಂಬರ್) ಶುರುವಾದ ಮೇಲೆ ಐದಾರು ಸಲ ಹೀಗಾಯಿತು. ಯಕ್ಷಗಾನದ ವಿಡಿಯೋ ಎಡಿಟ್ ಮಾಡುವ ಕೆಲಸ ನನ್ನದು. ಸ್ಪೀಡ್ ಇಳಿದ ದಿನ ಟೈಮ್‌ಲೈನ್ ಎಳೆದರೆ ತಡವರಿಸುತ್ತದೆ. ಮೇಳಗಳ ತಿರುಗಾಟ ಹೊರಡುವ ಮೊದಲು ಸರಿ ಮಾಡಿಕೊಳ್ಳಬೇಕು. ರ‍್ಯಾಮ್ ಹಾಳಾಗಿದೆಯಾ?

ಉತ್ತರ (ಉಪ್ಪಳ)

ನನಗೆ ಸಂಶಯ ಆ ನಾಲ್ಕು ಕಡ್ಡಿಗಳ ಮೇಲೆ. ಈ ಪ್ರೊಸೆಸರ್‌ಗೆ ಎಎಂಡಿ 3200 ಹೇಳಿರುವುದು ಎರಡು ಕಡ್ಡಿ ಇದ್ದಾಗ. ನಾಲ್ಕೂ ಸ್ಲಾಟ್ ತುಂಬಿದರೆ, ಚಿಪ್‌ಗಳು ಒಂದೇ ಗುಂಪಾಗಿರುವ ಸಿಂಗಲ್ ರ‍್ಯಾಂಕ್‌ಗೆ 2933, ಎರಡು ಗುಂಪಿರುವ ಡ್ಯುಯಲ್ ರ‍್ಯಾಂಕ್‌ಗೆ 2667. ಅದಕ್ಕಿಂತ ಮೇಲೆ ಓಡಿದರೆ ಅದೃಷ್ಟ. ಆನ್ ಮಾಡುವಾಗ ಬೋರ್ಡ್ ಎರಡು ಮೂರು ಸಲ ಪ್ರಯತ್ನಿಸಿ, ಆಗದಿದ್ದರೆ ತಾನೇ ಮೂಲ ಸ್ಪೀಡ್‌ಗೆ ಇಳಿಸಿಬಿಡುತ್ತದೆ.

ಹೊಸ ಎರಡನ್ನು ತೆಗೆದಿಟ್ಟು ನೋಡಿ. ಹಳೆಯ ಜೋಡಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿರಲಿ.

ಬದಿಯಡ್ಕ

ತೆಗೆದು ನೋಡಿದೆ. ಎರಡು ದಿನ 3200ರಲ್ಲೇ ಓಡಿತು. ಮೂರನೇ ದಿನ ಬೆಳಗ್ಗೆ ಮತ್ತೆ 2133. ಸ್ಪೀಡ್ ನೋಡುವ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ 1066 ಅಂತ ತೋರಿಸುತ್ತಿದೆ, ಇನ್ನೂ ಅರ್ಧಕ್ಕೆ ಇಳಿಯಿತಾ ಅಂತ ಹೆದರಿಕೆ ಆಗುತ್ತಿದೆ.

ಉತ್ತರ (ಮಂಜೇಶ್ವರ)

1066ಕ್ಕೆ ಹೆದರಬೇಡಿ. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತದೆ. ಸಿಪಿಯು-ಝಡ್ ಬರೀ ಬಡಿತ ತೋರಿಸುತ್ತದೆ. ಎರಡರಿಂದ ಗುಣಿಸಿದರೆ ನಿಮ್ಮ 2133 ಬಂತು. 3200 ಇದ್ದಾಗ ಅಲ್ಲಿ 1600ರ ಹತ್ತಿರ ಕಾಣಬೇಕು.

ಎರಡು ವಿಷಯ ಕೇಳಬೇಕು. ತುಲಾ ತಿಂಗಳಲ್ಲಿ ಶುರುವಾಯಿತು ಅಂದಿರಿ. ಗುಡುಗು ಬಂದಾಗ ನೀವು ಕಂಪ್ಯೂಟರಿನ ಪ್ಲಗ್ ಎಳೆದಿಡುತ್ತೀರಾ? ಇನ್ನೊಂದು, ಮುಂದಿನ ಸಲ 2133 ಆದಾಗ ವಿಂಡೋಸ್‌ಗೆ ಹೋಗಬೇಡಿ. ಸೀದಾ ಬಯಾಸ್ ತೆರೆದು ಅಲ್ಲಿಯ ತಾರೀಕು ನೋಡಿ ಹೇಳಿ.

ಬದಿಯಡ್ಕ

ಪ್ಲಗ್ ಎಳೆಯದೆ ಇರುತ್ತೇವಾ! ಮಧ್ಯಾಹ್ನ ಮೂರು ಗಂಟೆ ಕಳೆದು ಮೋಡ ಕಟ್ಟಿತು ಅಂದರೆ ಅಮ್ಮ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ ತೆಗೆಸುತ್ತಾರೆ. ಮತ್ತೆ ಹಾಕುವುದು ಮರುದಿನ ಬೆಳಗ್ಗೆ.

ಇವತ್ತು ಬಯಾಸ್ ನೋಡಿದೆ. ತಾರೀಕು 2020 ಜನವರಿ 1! ನಾನು ಇಟ್ಟಿದ್ದ ಫ್ಯಾನ್ ಸ್ಪೀಡೂ ಹೋಗಿದೆ. ಈಗ ನೆನಪಾಯಿತು, ಇಂಟರ್‌ನೆಟ್ ಇಲ್ಲದೆ ಆನ್ ಮಾಡಿ, ಆಮೇಲೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟಾಗ ಬ್ರೌಸರ್ ‘ಗಡಿಯಾರ ಹಿಂದಿದೆ’ ಅಂದಿತ್ತು.

ಉತ್ತರ (ಮಂಜೇಶ್ವರ)

ಹಾಗಾದರೆ ಸಿಕ್ಕಿತು. ನಿಮ್ಮ ರ‍್ಯಾಮ್ ಏನೂ ತಪ್ಪು ಮಾಡಿಲ್ಲ. ಬೋರ್ಡ್ ಮೇಲಿರುವ ನಾಣ್ಯದಂಥ ಸೆಲ್ ಮುಗಿದಿದೆ. ಎಕ್ಸ್‌ಎಂಪಿ ಆನ್ ಮಾಡಿದ ನೆನಪನ್ನೂ ಗಡಿಯಾರವನ್ನೂ ನಿಮ್ಮ ಬೋರ್ಡಿನಲ್ಲಿ ಹಿಡಿದಿಡುವುದು ಅದೇ ಸೆಲ್.

ಬೇಸಿಗೆಯಲ್ಲಿ ಯಾಕೆ ಗೊತ್ತಾಗಲಿಲ್ಲ ಅಂದರೆ, ಕಂಪ್ಯೂಟರ್ ಆಫ್ ಮಾಡಿದರೂ ಪ್ಲಗ್ ಇರುವ ತನಕ ಪವರ್ ಸಪ್ಲೈ ಬೋರ್ಡಿಗೆ ಸ್ವಲ್ಪ ಕರೆಂಟು ಕೊಡುತ್ತಲೇ ಇರುತ್ತದೆ. ಆಗ ಸೆಲ್‌ಗೆ ಕೆಲಸವೇ ಇಲ್ಲ. ಪ್ಲಗ್ ಎಳೆದ ರಾತ್ರಿ ಮಾತ್ರ ಅದು ಒಂಟಿಯಾಗಿ ಭಾರ ಹೊರಬೇಕು. ಅಷ್ಟು ಶಕ್ತಿ ಈಗ ಅದಕ್ಕಿಲ್ಲ. ವಿಂಡೋಸ್ ಇಂಟರ್‌ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುವುದರಿಂದ ಗಡಿಯಾರದ ಗುರುತೂ ಮುಚ್ಚಿಹೋಗುತ್ತದೆ. ಅದಕ್ಕೇ ಬಯಾಸ್‌ನಲ್ಲೇ ನೋಡಿ ಅಂದದ್ದು. ಉಪ್ಪಳದವರು ಹೇಳಿದ ಹಾಗೆ ಬೋರ್ಡ್ ತಾನೇ ಸ್ಪೀಡ್ ಇಳಿಸಿದ್ದರೆ ತಾರೀಕು ಸರಿಯಾಗಿಯೇ ಇರುತ್ತಿತ್ತು.

ಸೆಲ್ಲಿನ ನಂಬರ್ ಸಿಆರ್2032. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಮೊದಲು ಬಯಾಸ್‌ನಲ್ಲಿ ನಿಮಗೆ ಬೇಕಾದ ಹಾಗೆ ಇಟ್ಟು ಪ್ರತಿ ಪುಟದ ಫೋಟೋ ತೆಗೆಯಿರಿ. ಆಮೇಲೆ ಆಫ್ ಮಾಡಿ, ಪ್ಲಗ್ ಎಳೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ ಕೈ ಹಾಕಿ. ಸೆಲ್ ಪಕ್ಕದ ಸಣ್ಣ ಕೊಕ್ಕೆಯನ್ನು ಉಗುರಿನಿಂದ ತಳ್ಳಿದರೆ ಅದು ಮೇಲೆ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಜಾರಿದರೆ ಬೋರ್ಡಿಗೆ ಗೀರು ಬೀಳುತ್ತದೆ. ಹೊಸದನ್ನು ಪ್ಲಸ್ ಗುರುತು ಕಾಣುವ ಹಾಗೆ ಇಡಿ.

ಹಳೆಯ ಸೆಲ್ ಮೇಜಿನ ಮೇಲೆ ಬಿಡಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ತುಂಬಾ ಜಾಗ್ರತೆ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಮುಗಿದ ಸೆಲ್ ಕೂಡ ಅಷ್ಟೇ ಅಪಾಯ.

ಬದಿಯಡ್ಕ

ಸೆಲ್ ಬದಲಾಯಿಸಿದೆ. ಹಳೆಯದನ್ನು ಮಲ್ಟಿಮೀಟರ್‌ನಲ್ಲಿ ನೋಡಿದರೆ 2.3 ವೋಲ್ಟ್, ಹೊಸದು 3.2. ನಾಲ್ಕು ದಿನ ಸಂಜೆ ಪ್ಲಗ್ ಎಳೆದೆ. ನಾಲ್ಕು ದಿನವೂ ಬೆಳಗ್ಗೆ 3200 ಹಾಗೇ ಉಂಟು. ತುಂಬಾ ಉಪಕಾರವಾಯಿತು.

ಆದರೆ ಹೊಸ ಕಡ್ಡಿ ಎರಡನ್ನು ವಾಪಸ್ ಹಾಕಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ. 3200ರಲ್ಲಿ ಎರಡನೇ ಸುತ್ತಿಗೇ ಎರರ್ ಬಂತು. 2933ಕ್ಕೆ ಇಳಿಸಿದೆ, ನಾಲ್ಕು ಸುತ್ತೂ ಒಂದೂ ಎರರ್ ಇಲ್ಲ. ಉಪ್ಪಳದವರ ಮಾತೂ ನಿಜವೇ ಆಯಿತು. ವೋಲ್ಟೇಜ್ ಏರಿಸಿ 3200 ಮಾಡಲಾ?

ಉತ್ತರ (ಉಪ್ಪಳ)

ಬೇಡ. ಎಕ್ಸ್‌ಎಂಪಿಯ 1.35 ವೋಲ್ಟ್ ಹಾಗೇ ಇರಲಿ. ಲೆಕ್ಕ ಹಾಕಿ ನೋಡಿ. ಎರಡು ಚಾನೆಲ್ ಸೇರಿ 2133ರಲ್ಲಿ ಸೆಕೆಂಡಿಗೆ ಸುಮಾರು 34 ಜಿಬಿ ಸಾಗುತ್ತದೆ. 2933ರಲ್ಲಿ ಸುಮಾರು 47, 3200ರಲ್ಲಿ 51. ನಿಮ್ಮ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುವುದರಿಂದ 34ರಿಂದ 47ಕ್ಕೆ ಹೋದದ್ದು ಕಣ್ಣಿಗೇ ಗೊತ್ತಾಗುತ್ತದೆ. ಉಳಿದ ನಾಲ್ಕಕ್ಕಾಗಿ ಸುಮ್ನೆ ಅಪಾಯ ಯಾಕೆ ಅಲ್ವಾ? ರಾತ್ರಿಯಿಡೀ ರೆಕಾರ್ಡ್ ಮಾಡಿದ ಆಟ ಎಡಿಟ್ ಮಾಡುವಾಗ ಫೈಲ್ ಕೆಟ್ಟರೆ ಮತ್ತೆ ಸಿಗುವುದಿಲ್ಲ.

ಬಯಾಸ್‌ನ ಫೋಟೋ ಅಳಿಸಬೇಡಿ. ಮುಂದೆ ಬಯಾಸ್ ಅಪ್‌ಡೇಟ್ ಮಾಡಿದ ದಿನವೂ ಎಕ್ಸ್‌ಎಂಪಿ ಆಫ್ ಆಗಿರುತ್ತದೆ, ಆಗ ಅದನ್ನು ನೋಡಿ 2933ಕ್ಕೆ ಇಟ್ಟರೆ ಆಯಿತು.