ಮೈನ್‌ಕ್ರಾಫ್ಟ್: ಕಬ್ಬಿಣದ ಕವಚ ಹಾಕಿದ್ರೂ ಯಾಕಿಷ್ಟು ಏಟು?

ಮಂಡ್ಯ_ಹೈದ:
ಮೈನ್‌ಕ್ರಾಫ್ಟ್ ಗೇಮು, ಜಾವಾ ಎಡಿಷನ್ (ಕಂಪ್ಯೂಟರ್ ಆವೃತ್ತಿ) ಆಡ್ತಿದೀನಿ. ಕಬ್ಬಿಣದ ಫುಲ್ ಸೆಟ್ ಹಾಕಿದ್ರೆ 60% ಏಟು ಕಮ್ಮಿ ಅಂತಾರೆ. ಕ್ರೀಪರ್ (ಹತ್ರ ಬಂದು ಸಿಡಿಯೋ ರಾಕ್ಷಸ) ಸಿಡಿದ್ರೆ ಸೀದಾ ಶಿವನ ಪಾದ. ಯಾಕಣ್ಣ?

ಕುವೆಂಪುನಗರ_ಗೇಮರ್:
60% ಅನ್ನೋದು ಗರಿಷ್ಠ ಗುರು. ಏಟು ದೊಡ್ಡದಾದಷ್ಟೂ ಕವಚ ಕೈಕೊಡ್ತದೆ. ಕಬ್ಬಿಣಕ್ಕೆ 15 ರಕ್ಷಣೆ ಪಾಯಿಂಟು, ಟಫ್‌ನೆಸ್ (ದೊಡ್ಡ ಏಟಿಗೂ ಜಗ್ಗದ ಗುಣ) ಸೊನ್ನೆ. 10 ಡ್ಯಾಮೇಜ್ ಬಿದ್ರೆ 4 ತಡೆದು 6 ನಿಂಗೇ ಬಿಡ್ತದೆ. ಭಾರಿ ಸ್ಫೋಟಕ್ಕೆ ತಡೆಯೋದು ಬರೀ 12%ಗೆ ಇಳೀತದೆ. ವಜ್ರದ್ದು 20 ಪಾಯಿಂಟು, ಟಫ್‌ನೆಸ್ 8. ಅದೇ 10ರಲ್ಲಿ ತಾಗೋದು 3.

ಮಂಡ್ಯ_ಹೈದ:
ವಜ್ರ ಎಲ್ಲಿಂದ ತರ್ಲಿ, ನಮ್ಮೂರಲ್ಲಿ ಬರೀ ಕಬ್ಬು!

ಕುವೆಂಪುನಗರ_ಗೇಮರ್:
ಹಂಗಾದ್ರೆ ಕವಚಕ್ಕೆ ಪ್ರೊಟೆಕ್ಷನ್ ಅನ್ನೋ ಮಂತ್ರ (ಎನ್‌ಚಾಂಟ್‌ಮೆಂಟ್) ಹಾಕ್ಸು. ಲೆವೆಲ್‌ಗೆ 4%, ದೊಡ್ಡ ಏಟಿಗೂ ಕುಗ್ಗಲ್ಲ. ಎತ್ತರದಿಂದ ಬಿದ್ರೆ ಮಾತ್ರ ಬರೀ ಕವಚ ಏನೂ ಕಿಸಿಯಲ್ಲ.

ಪಟ್ಟಣದ_ಹುಲಿ:
ಶೀಲ್ಡ್ (ಗುರಾಣಿ) ಮರೆತ್ರಲ್ಲ! ಎದುರಿಗೆ ಹಿಡಿದ್ರೆ ಕ್ರೀಪರ್ ಏಟು ಪೂರ್ತಿ ಹೋಯ್ತು. ಅದನ್ನ ಮಾಡೋಕೆ ಒಂದು ಕಬ್ಬಿಣದ ಗಟ್ಟಿ, ಆರು ಹಲಗೆ ಸಾಕು.