ಚಾರ್ಜರ್ ‘ಲೀಕೇಜ್’: ಸೋರಿಕೆ ಅನ್ನೋದಾ, ‘ಅರ್ತ್ ಆಗೈತಿ’ ಅನ್ನೋದಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಿದೀನಿ. ನಮ್ ಬೀದೀಲಿ ಕರೆಂಟ್ ಗಾಡಿ ಜಾಸ್ತಿ ಆದ್ಮೇಲೆ ‘ಚಾರ್ಜಿಗೆ ಹಾಕಿದ್ರೆ ಟ್ರಿಪ್ ಆಗ್ತೈತಿ’ ಅನ್ನೋ ಮಾತು ದಿನಾ ಕೇಳ್ತೀನಿ, ಅದಕ್ಕೆ ಅಕ್ಕಪಕ್ಕದವರಿಗೆ ಅಂತ ಕನ್ನಡದಲ್ಲಿ ಒಂದು ಪುಟ ಬರೀತಿದೀನಿ, ಲೀಕೇಜ್ ಅನ್ನೋ ಕಡೆ ‘ಸೋರಿಕೆ’ ಅಂತ ಬರೆದ್ರೆ ಮನಸ್ಸಿಗೆ ಸರಿ ಬರ್ತಿಲ್ಲ.

ಪೇಪರಲ್ಲಿ ‘ವಿದ್ಯುತ್ ಸೋರಿಕೆ’ ಅಂದ್ರೆ ಲೈನಲ್ಲಾಗೋ ನಷ್ಟ, ಇಲ್ಲ ಕಳ್ಳ ಕನೆಕ್ಷನ್. ಇಲ್ಲಿ ವಿಷಯ ಬೇರೆ. ಫೇಸಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್ಲಲ್ಲಿ ವಾಪಸ್ ಬರಬೇಕು, ಅದ್ರಲ್ಲಿ ಸ್ವಲ್ಪ ಅರ್ತಿಗೋ ಮುಟ್ಟಿದವರ ಮೈಯಿಂದ ನೆಲಕ್ಕೋ ಹೋದ್ರೆ ಆರ್‌ಸಿಸಿಬಿ (ಇಂಥ ಲೀಕ್ ಕಂಡ್ರೆ ತಾನಾಗೇ ಕರೆಂಟ್ ಕಟ್ ಮಾಡೋ ಸ್ವಿಚ್) ಬೀಳುತ್ತೆ, ಮನೇಲಿ ಸಾಮಾನ್ಯವಾಗಿ ಹಾಕೋದು 30 ಮಿಲಿಆಂಪಿಂದು. ಎಂಸಿಬಿ ಅನ್ನೋದು ಇನ್ನೊಂದು ಸ್ವಿಚ್, ಅದು ಬೀಳೋದು ಲೋಡ್ ಜಾಸ್ತಿ ಆದ್ರೆ ಅಥವಾ ಶಾರ್ಟ್ ಆದ್ರೆ. ನಮ್ ಕಡೆ ಎರಡಕ್ಕೂ ‘ಟ್ರಿಪ್ ಆತು’ ಅಂತಾರೆ, ಹಂಗಾಗಿ ಲೀಕೇಜ್ ಇರೋ ಮನೇಲಿ ದೊಡ್ಡ ಎಂಸಿಬಿ ತಂದು ಕೂರಿಸ್ತಾರೆ, ಫಾಲ್ಟ್ ಹಂಗೇ ಉಳಿಯುತ್ತೆ, ಮೇಲಿಂದ ವೈರ್ ಸುಡೋಕೂ ದಾರಿ ಮಾಡ್ಕೊಟ್ಟಂಗೆ. ಇದು ಬರೀ ಪದದ ಜಗಳ ಅಲ್ಲ ಅಂತ ನಾನು ಹೇಳೋದು ಇದಕ್ಕೇ.

ಬೋರ್‌ವೆಲ್ ಕೆಲಸದವರು ‘ಮೋಟ್ರು ಅರ್ತ್ ಆಗೈತಿ’ ಅಂತಾರಲ್ಲ, ಅಂದ್ರೆ ಇನ್ಸುಲೇಶನ್ ಹೋಗಿ ಕರೆಂಟ್ ಬಾಡಿಗೆ ಬಂದಿದೆ ಅಂತ, ಚಾರ್ಜರಿಗೂ ಅದೇ ಮಾತು ಒಪ್ಪುತ್ತೆ ಅನ್ಸುತ್ತೆ. ತೊಡಕು ಏನಂದ್ರೆ ‘ಅರ್ತ್ ಮಾಡ್ಸಿದೀರಾ’ ಅಂದ್ರೆ ಗುಂಡಿ ತೋಡಿ ಇದ್ದಿಲು ಉಪ್ಪು ಹಾಕ್ಸೋದು, ಅದು ಬೇಕಾದ್ದು. ‘ಅರ್ತ್ ಆಗೈತಿ’ ಅಂದ್ರೆ ಕೆಟ್ಟಿದೆ.

ಪುಟದಲ್ಲಿ ಹಿಂಗೆ ಬರ್ದಿದೀನಿ: ಗಾಡಿಗೆ ಗನ್ (ಚಾರ್ಜರ್ ವೈರಿನ ತುದೀಲಿರೋ, ಗಾಡಿಗೆ ಹಾಕೋ ಪ್ಲಗ್) ಹಾಕದೇನೇ, ಬರೀ ಚಾರ್ಜರ್ ಆನ್ ಮಾಡಿದಾಗ್ಲೇ ಆರ್‌ಸಿಸಿಬಿ ಬಿದ್ರೆ ಚಾರ್ಜರ್ ಅಥವಾ ಅದರ ಲೈನ್ ನೋಡ್ಸಿ. ಗನ್ ಹಾಕಿದ್ಮೇಲೆ ಬಿದ್ರೆ ಗನ್ನಲ್ಲಿ ತೇವ ಇರಬಹುದು, ಗಾಡೀದೂ ಇರಬಹುದು, ಆದ್ರೆ ಗಾಡೀನೇ ಕೆಟ್ಟಿದೆ ಅನ್ಬೇಡಿ, ಆರ್‌ಸಿಸಿಬಿ ದಾಟಿದ್ಮೇಲೆ ನ್ಯೂಟ್ರಲ್ ಎಲ್ಲಾದ್ರೂ ಅರ್ತಿಗೆ ತಾಗಿದ್ರೂ ಲೋಡ್ ಬಿದ್ದಾಗ್ಲೇ ಟ್ರಿಪ್ ಆಗುತ್ತೆ. ಚಾರ್ಜರ್ ಬಿಚ್ಚಿಟ್ಟು ಲೈನಿಗೆ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್) ಹಾಕಿ ನೋಡೋದು ಎಲೆಕ್ಟ್ರಿಷಿಯನ್ ಕೆಲಸ, ನೀವು ಕೈ ಹಾಕ್ಬೇಡಿ.

ನ್ಯೂಟ್ರಲ್ ಅರ್ತಿಗೆ ಸೇರೋದಕ್ಕೆ ‘ತಾಗೋದು’ ಸಾಕಾ, ‘ಕೂಡಿಕೊಂಡಿದೆ’ ಅನ್ಬೇಕಾ? ಇನ್ನೊಂದು, ಗಾಡಿ ಕಡೆಯಿಂದ 6 ಮಿಲಿಆಂಪಿಗಿಂತ ಜಾಸ್ತಿ ಡಿಸಿ (ಬ್ಯಾಟರಿ ಥರ ಒಂದೇ ದಿಕ್ಕಲ್ಲಿ ಹರಿಯೋ ಕರೆಂಟ್) ಲೀಕ್ ಆದ್ರೆ ಟೈಪ್ ಎ ಅನ್ನೋ ನಮೂನೆಯ ಆರ್‌ಸಿಸಿಬಿ ಬೀಳಬೇಕಾದಾಗ ಬೀಳದೇ ಇರಬಹುದು, ಅದಕ್ಕೆ ‘ಆರ್‌ಸಿಸಿಬಿಗೆ ಮಂಕು ಹಿಡಿಯುತ್ತೆ’ ಅಂತ ಬರ್ದಿದೀನಿ. ಓದಿದವರಿಗೆ ಅರ್ಥ ಆಗುತ್ತಾ? ಚಿತ್ರದುರ್ಗ, ಹೊಳಲ್ಕೆರೆ, ಹರಿಹರ ಕಡೆ ವೈರಿಂಗ್ ಕೆಲಸದವರು ಎಂಸಿಬಿ ಬೀಳೋದಕ್ಕೂ ಆರ್‌ಸಿಸಿಬಿ ಬೀಳೋದಕ್ಕೂ ಬೇರೆ ಬೇರೆ ಮಾತು ಇಟ್ಕೊಂಡಿದ್ರೆ ದಯವಿಟ್ಟು ತಿಳಿಸಿ, ಅದನ್ನೇ ಪುಟಕ್ಕೆ ಹಾಕ್ತೀನಿ.